ಮೂರು ಕಡೆ ಸ್ಪಾನ್ಸರ್ ಮಾಡಿ ನೋಡಿದೆವು: ಇಂಗ್ಲಿಷ್ ಪಾಡ್‌ಕಾಸ್ಟ್, ಸಮುದಾಯ ರೇಡಿಯೊ, ಕನ್ನಡ ಪಾಡ್‌ಕಾಸ್ಟ್

ಮಧುಗಿರಿಯಲ್ಲಿ ನಮ್ಮದೊಂದು ಮರದ ಗಾಣ ಇದೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಣ್ಣ ಅಂಗಡಿ. ಪಾವಗಡ, ಶಿರಾ ಕಡೆಯ ಕಡ್ಲೆಕಾಯಿ ತಂದು ಎಣ್ಣೆ ತೆಗೆಯುತ್ತೇವೆ. ಜಾಹೀರಾತಿಗೆ ಅಂತ ವರ್ಷಕ್ಕೆ 60,000 ರೂಪಾಯಿ ಎತ್ತಿಡುತ್ತೇವೆ. ಮೊದಲೆಲ್ಲ ಅದು ಕ್ಯಾಲೆಂಡರ್‌ಗೆ, ಜಾತ್ರೆಯ ಬ್ಯಾನರ್‌ಗೆ ಹೋಗುತ್ತಿತ್ತು.

ಮಧುಗಿರಿಯಿಂದ ತುಮಕೂರಿಗೆ ದಿನಾ ಗಾಡಿ ಓಡಿಸುವಾಗ ನಾನು ಕೇಳುವುದು ಬರ, ಹಸಿವು, ನಿರಾಶ್ರಿತರು, ಕುಡಿಯುವ ನೀರು ಇಂಥ ವಿಷಯದ ಪಾಡ್‌ಕಾಸ್ಟ್‌ಗಳನ್ನೇ. ಸೋಪಿನವರು, ಸಾಲದ ಆ್ಯಪ್‌ನವರು ಇವಕ್ಕೆ ದುಡ್ಡು ಕೊಡಲು ಮುಂದೆ ಬರುವುದು ಕಡಿಮೆ. ನಾವೇ ಯಾಕೆ ಕೊಡಬಾರದು ಅಂತ ತಮ್ಮನ ಹತ್ತಿರ ಮಾತಾಡಿದೆ. ಎರಡು ವರ್ಷದಲ್ಲಿ ಮೂರು ದಾರಿ ನೋಡಿದೆವು.

ಮೊದಲನೆಯದು ದೊಡ್ಡ ಇಂಗ್ಲಿಷ್ ಪಾಡ್‌ಕಾಸ್ಟ್. ಇಲ್ಲಿ ನಿರೂಪಕರ ಜೊತೆ ಮಾತೇ ಇರುವುದಿಲ್ಲ. ನಡುವೆ ಒಂದು ಏಜೆನ್ಸಿ. ಸಾವಿರ ಡೌನ್‌ಲೋಡ್‌ಗೆ ಇಷ್ಟು ಅಂತ ರೇಟು. ಕೇಳುವವರು ಯಾವ ಊರಿನಲ್ಲಿದ್ದಾರೆ ನೋಡಿಕೊಂಡು ಸಾಫ್ಟ್‌ವೇರ್ ಜಾಹೀರಾತು ಸೇರಿಸುತ್ತದೆ. ಹಾಗಾಗಿ ನಮ್ಮದು ಕರ್ನಾಟಕದಲ್ಲಿ ಕೇಳುವವರಿಗೆ ಮಾತ್ರ ಬರುವಂತೆ ಮಾಡಬಹುದಿತ್ತು. ಇದು ಒಳ್ಳೆಯ ಅನುಕೂಲ. ಆದರೆ ಡೌನ್‌ಲೋಡ್ ಆದದ್ದೆಲ್ಲ ಕೇಳಿದ್ದು ಅಂತಲ್ಲ. ಒಂದು ನಿಮಿಷದಷ್ಟು ಆಡಿಯೊ ಫೋನಿಗೆ ಇಳಿದರೆ ಸಾಕು, ಲೆಕ್ಕಕ್ಕೆ ಬರುತ್ತದೆ. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೂ ನಮ್ಮ ದುಡ್ಡು ಖರ್ಚು.

ಅದಕ್ಕಿಂತ ನೋವಾದದ್ದು ಇನ್ನೊಂದು. 2024ರ ಆಗಸ್ಟ್‌ನಲ್ಲಿ ಸುಡಾನ್‌ನ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಇದೆ ಅಂತ ತಜ್ಞರ ಸಮಿತಿ ಹೇಳಿತು. ಅದರ ಮೇಲಿನ ಕಂತನ್ನು ನಾನು ಗಾಡಿಯಲ್ಲಿ ಕೇಳುತ್ತಿದ್ದೆ. ಒಬ್ಬ ತಾಯಿ ತನ್ನ ಮಗುವಿನ ಬಗ್ಗೆ ಹೇಳುತ್ತಿದ್ದಳು. ಮಾತು ನಿಂತಿತು. ತಕ್ಷಣ ಕುಣಿಯುವಂಥ ಸಂಗೀತ, ಆಮೇಲೆ ನಮ್ಮದೇ ಜಾಹೀರಾತು: ಬಿಸಿ ಬಿಸಿ ಪೂರಿ, ಗಾಣದ ಎಣ್ಣೆಯ ಘಮ. ಗಾಡಿ ಪಕ್ಕಕ್ಕೆ ಹಾಕಿ ಸುಮ್ನೆ ಕೂತುಬಿಟ್ಟೆ. ಏಜೆನ್ಸಿಗೆ ಫೋನ್ ಮಾಡಿದೆ. ಎಲ್ಲಿ ಹಾಕಬೇಕು ಅನ್ನೋದು ಸಿಸ್ಟಮ್ ತೀರ್ಮಾನ ಮಾಡುತ್ತದೆ ಸರ್, ಮುಂದಿನ ತಿಂಗಳಿಂದ ಬೇರೆ ಥರ ಸೆಟ್ ಮಾಡಬಹುದು ಅಂದರು. ನಾವು ಮುಂದಿನ ತಿಂಗಳಿಗೆ ಕಾಯಲಿಲ್ಲ. ಹೊರ ದೇಶಕ್ಕೆಲ್ಲ ಮಾಲು ಕಳಿಸುವವರಿಗೆ ಈ ದಾರಿ ಸರಿಹೋಗಬಹುದೇನೋ. ನಮಗೆ ಆರ್ಡರ್ ಬಂದದ್ದು ಏಳು.

ಸಮುದಾಯ ರೇಡಿಯೊ ಪೂರ್ತಿ ಬೇರೆ ಲೋಕ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಶುರುವಾದ ಕಾಲಕ್ಕೆ ಪ್ರಸಾರದ ಲೈಸೆನ್ಸೇ ಸಿಗುತ್ತಿರಲಿಲ್ಲ, ಕೇಬಲ್‌ನಲ್ಲಿ ಮನೆಮನೆಗೆ ಕೊಡುತ್ತಿದ್ದರು. 2006ರಿಂದ ಸಂಘ ಸಂಸ್ಥೆಗಳಿಗೂ ಲೈಸೆನ್ಸ್ ಇದೆ. ಸಾಮಾನ್ಯವಾಗಿ 50 ವಾಟ್‌ನ ಟ್ರಾನ್ಸ್‌ಮಿಟರ್, ಹತ್ತು ಹದಿನೈದು ಕಿಲೋಮೀಟರ್ ಕೇಳುತ್ತದೆ. ಜಾಹೀರಾತಿಗೆ ಗಂಟೆಗೆ 7 ನಿಮಿಷ ಇದ್ದ ಮಿತಿ 2024ರಲ್ಲಿ 12 ನಿಮಿಷ ಆಯಿತು. ಸರ್ಕಾರಿ ಜಾಹೀರಾತಿನ ರೇಟೂ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತು. ನಮಗೆ ಅದಕ್ಕಿಂತ ಕಡಿಮೆಗೇ ಕೊಟ್ಟರು.

ವ್ಯಾಪಾರದ ಲೆಕ್ಕದಲ್ಲಿ ಇದನ್ನು ಮೀರಿಸಿದ್ದಿಲ್ಲ. ಕ್ಯಾತ್ಸಂದ್ರದಿಂದ ಒಬ್ಬ ಅಜ್ಜಿ ಸ್ಟೀಲ್ ಕ್ಯಾನ್ ಹಿಡಿದುಕೊಂಡೇ ಬಂದರು. "ರೇಡಿಯೋದಲ್ಲಿ ಹೇಳ್ತಾರಲ್ಲಪ್ಪ, ಆ ಎಣ್ಣೆ ಕೊಡು" ಅಂದರು. ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಆದರೆ ಸಮುದಾಯ ರೇಡಿಯೊದವರು ತಾವೇ ಸುದ್ದಿ ಮಾಡುವಂತಿಲ್ಲ, ಆಕಾಶವಾಣಿಯ ಸುದ್ದಿ ಮಾತ್ರ ಕೊಡಬಹುದು. ಕೆರೆ, ಅಂಗನವಾಡಿ, ಬೋರ್‌ವೆಲ್ ನೀರಿನ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ. ಜಗತ್ತಿನ ಹಸಿವು ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ.

ಇನ್ನು ಕನ್ನಡ ಪಾಡ್‌ಕಾಸ್ಟ್. ಚಿಕ್ಕಬಳ್ಳಾಪುರದ ಇಬ್ಬರು ಹೆಣ್ಣುಮಕ್ಕಳು ನಡೆಸುತ್ತಾರೆ. ಗೋಡೆಗೆ ಕಂಬಳಿ ಹೊದಿಸಿದ ಒಂದು ರೂಮು, ಎರಡು ಮೈಕು. ಕಂತಿಗೆ ಒಂಬೈನೂರು ಡೌನ್‌ಲೋಡ್ ದಾಟಿದರೆ ಅವರಿಗೆ ಹಬ್ಬ. ಒಂದು ಕಂತಿಗೆ 6,000 ರೂಪಾಯಿ ಅಂತ ಮಾತಾಯಿತು. ವಿಷಯದಲ್ಲಿ ನಾವು ಬಾಯಿ ಹಾಕುವಂತಿಲ್ಲ. ದುಡ್ಡು ಕೊಟ್ಟವರು ಯಾರು ಅಂತ ಶುರುವಿನಲ್ಲೇ ಹೇಳುತ್ತಾರೆ. ಒಪ್ಪಿಕೊಂಡೆವು.

ಕಡ್ಲೆಬೀಜದ ಕಂತು ಮಾಡುತ್ತೇವೆ ಅಂದಾಗ ನನಗೆ ಖುಷಿಯೋ ಖುಷಿ. 1996ರಲ್ಲಿ ಆಂದ್ರೆ ಬ್ರಿಯಾಂಡ್ ಅನ್ನುವ ಫ್ರೆಂಚ್ ವೈದ್ಯರು ಮತ್ತು ಅವರ ಜೊತೆಯವರು ಕಡ್ಲೆಬೀಜ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಸೇರಿಸಿ ಒಂದು ಪೇಸ್ಟ್ ಮಾಡಿದರು. 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ. ನೀರು ಬೆರೆಸಬೇಕಾಗಿಲ್ಲ, ಒಲೆ ಹಚ್ಚಬೇಕಾಗಿಲ್ಲ. ಅಲ್ಲಿಯವರೆಗೆ ಸೊರಗಿದ ಮಗುವನ್ನು ವಾರಗಟ್ಟಲೆ ಆಸ್ಪತ್ರೆಯಲ್ಲಿಟ್ಟು ವಿಶೇಷ ಹಾಲು ಕುಡಿಸಬೇಕಿತ್ತು. ಪೊಟ್ಟಣ ಬಂದ ಮೇಲೆ ಬೇರೆ ತೊಡಕಿಲ್ಲದ ಮಗುವಿಗೆ ತಾಯಿ ಮನೆಯಲ್ಲೇ ತಿನ್ನಿಸಬಹುದಾಯಿತು. ನಮ್ಮ ದೇಶದಲ್ಲಿ ಪೊಟ್ಟಣ ಬೇಕೋ, ಮನೆಯ ಊಟವೇ ಸರಿಯೋ ಅನ್ನುವ ವಾದವನ್ನೂ ಅವರು ಬಿಡದೆ ಹೇಳಿದರು. 2025ರ ಜುಲೈಯಲ್ಲಿ ಇಂಥ ಪೊಟ್ಟಣಕ್ಕೆ ದುಡ್ಡು ಕೊಡುತ್ತಿದ್ದ ಅಮೆರಿಕ ಸರ್ಕಾರದ ಸಂಸ್ಥೆ ಯುಎಸ್‌ಏಡ್ ನೆರವು ಕೊಡುವ ಕೆಲಸ ನಿಲ್ಲಿಸಿದ್ದನ್ನೂ ಹೇಳಿದರು.

ಕಂತಿನಲ್ಲಿ ಒಂದು ಅಳತೆ ಬರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಅಂಗಡಿಯಲ್ಲಿ ದಾರ ಅಳೆದು ಕತ್ತರಿಸಿ ಉಂಗುರದ ಹಾಗೆ ಹಿಡಿದೆ. ಒಂದು ಸಣ್ಣ ನಿಂಬೆಹಣ್ಣು ತೂರಿತು. ತಮ್ಮನ ಮಗಳಿಗೆ ಮೂರು ವರ್ಷ. ಅವಳ ತೋಳಿಗೆ ಹಾಕಲು ಹೋದರೆ ದಾರದ ಎರಡು ತುದಿ ಸೇರಲೇ ಇಲ್ಲ. ಆ ದಾರ ಇನ್ನೂ ಗಲ್ಲಾಪೆಟ್ಟಿಗೆಯಲ್ಲಿದೆ.

ಕಂತು ಬಿಡುವ ಹಿಂದಿನ ದಿನ ಫೋನ್ ಬಂತು. "ಅಣ್ಣಾ, ಈ ಕಂತಿಗೆ ನಿಮ್ಮ ಎಣ್ಣೆ ಬೇಡ. ಕಡ್ಲೆಬೀಜದ ಕಥೆ ಹೇಳಿ ಪಕ್ಕದಲ್ಲೇ ಕಡ್ಲೆ ಎಣ್ಣೆ ಅಂದರೆ ಜನ ಮದ್ದು ಅಂದುಕೊಳ್ಳುತ್ತಾರೆ, ಅಲ್ವಾ? ಖರ್ಚು ಕೊಟ್ಟವರು ಮಧುಗಿರಿಯ ಒಂದು ಗಾಣ ಅಂತ ಮಾತ್ರ ಹೇಳ್ತೀವಿ." ನಾನು ಹಿಂದೊಮ್ಮೆ ಪುಟ್ಟ ಮಕ್ಕಳಿಗೆ ಅಂತ ಕಡ್ಲೆ ಪುಡಿ ಮಾಡಿ ಮಾರೋಣವೇ ಅಂದಿದ್ದೆ. ಆಗಲೂ ಇದೇ ಹುಡುಗಿ, ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವಂತಿಲ್ಲ, 1992ರ ಕಾಯ್ದೆ ಇದೆ, 2003ರಲ್ಲಿ ಇನ್ನೂ ಬಿಗಿ ಮಾಡಿದ್ದಾರೆ ಅಂತ ತಿಳಿಸಿ ಹೇಳಿದ್ದಳು. ಜಮ್‌ಜಮ್ ಕಂತಿನ ದಿನ ಹೀಗೆ ಫೋನ್ ಮಾಡುವವರು ಯಾರೂ ಇರಲಿಲ್ಲ. ನಾನು ದುಡ್ಡು ಕೊಡುವುದು ಈ ಫೋನಿಗೆ.

ಈ ಪಾಡ್‌ಕಾಸ್ಟ್‌ನಲ್ಲಿ ಹೇಳುವ ಕೋಡ್ ಹಾಕಿ ಆರ್ಡರ್ ಮಾಡಿದವರು ವರ್ಷಕ್ಕೆ 41 ಜನ. ರೇಡಿಯೊದ ಮುಂದೆ ಇದು ಕಡಿಮೆಯೇ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮತ್ತೆ ಮತ್ತೆ ತರಿಸುತ್ತಾರೆ. ದುಡ್ಡಿನ ಜೊತೆ ಒಂದೆರಡು ಸಾಲು ಬರೆದು ಕಳಿಸುತ್ತಾರೆ, ಎಣ್ಣೆಯ ಬಗ್ಗೆ ಅಲ್ಲ, ಕಂತಿನ ಬಗ್ಗೆ. ಅಂಗಡಿಗೆ ಗಿರಾಕಿ ಬೇಕು ಅನ್ನುವವರು ಕಣ್ಣು ಮುಚ್ಚಿ ರೇಡಿಯೊಗೆ ಹೋಗಿ. ಇಂಥ ಮಾತು ಕನ್ನಡದಲ್ಲಿ ನಿಲ್ಲಬಾರದು ಅನ್ನುವವರು ಸಣ್ಣ ಪಾಡ್‌ಕಾಸ್ಟ್ ಹುಡುಕಿ.

ಈ ವರ್ಷ ರೇಡಿಯೊಗೆ 20,000, ಚಿಕ್ಕಬಳ್ಳಾಪುರದವರಿಗೆ 40,000. ಮುಂದಿನ ಕಂತು ಪಾವಗಡದ ಫ್ಲೋರೈಡ್ ನೀರಿನ ಮೇಲೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿದು ಹಲ್ಲು, ಮೂಳೆ ಕೆಟ್ಟವರ ಮನೆಗಳಿಗೆ ಹೋಗಬೇಕು ಅನ್ನುತ್ತಿದ್ದಾರೆ. ಬಸ್ಸಿನಲ್ಲಿ ಮೈಕು ಹೊತ್ತುಕೊಂಡು ಓಡಾಡುವುದು ಕಷ್ಟ. ಹೇಗೂ ಕಾಯಿ ತರಲು ನಾನು ಆ ಕಡೆ ಹೋಗುತ್ತೇನೆ, ನನ್ನ ಗಾಡಿಯಲ್ಲೇ ಬನ್ನಿ ಅಂದಿದ್ದೇನೆ.