ಹಳೇ ಗೇರ್ ಸೈಕಲ್ ತಗೊಳ್ಳೋರು ಮೊದಲು ಎರಡೂ ಟೈರ್ ಮೇಲಿನ ನಂಬರ್ ಓದಿ

ಕಲಬುರಗಿಯಲ್ಲಿ ಮಕ್ಕಳಿಗೆ ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ಕೊಡಿಸಬೇಕು ಅಂತಿರುವವರು ದುಡ್ಡು ಕೊಡೋ ಮುಂಚೆ ದಯವಿಟ್ಟು ಇದನ್ನು ಓದಿ. ರಿಂಗ್ ರೋಡ್ ಕಡೆ ಒಬ್ಬ ಮನೆ ಮುಂದೆ ತಗಡಿನ ಶೆಡ್ ಹಾಕಿಕೊಂಡು ಹಳೇ ಸೈಕಲ್ ಮಾರುತ್ತಾನೆ. ಸಾಮಾನೂ ಮಾರುತ್ತಾನೆ. ಹೆಸರು ಇಲ್ಲಿ ಹಾಕಲ್ಲ, ಠಾಣೆಗೆ ಕೊಡುವ ಅರ್ಜಿಯಲ್ಲಿ ಹಾಕುತ್ತೇನೆ. ಆದರೆ ಅವನು ಏನು ಮಾಡಿದ, ಹೇಗೆ ಮಾಡಿದ ಅನ್ನೋದು ನಿಮಗೆ ಗೊತ್ತಾಗಲೇಬೇಕು. ಬರೆಯುವಾಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟು ಬಂದಿದೆ.

ಮಗ ಒಂಬತ್ತನೇ ಕ್ಲಾಸ್. ಮಗಳು ಶಾಲೆಗೆ ಹೋಗುವಾಗ ಸರ್ಕಾರದ ಸೈಕಲ್ ಬಂದಿತ್ತು, 2006-07ರಲ್ಲಿ ಶುರುವಾದ ಎಂಟನೇ ಕ್ಲಾಸಿನ ಯೋಜನೆಯದು. ಗೇರಿಲ್ಲದ ಸಾದಾ ಸೈಕಲ್. ಬ್ರೇಕ್ ಹಿಡಿದು ನೋಡಿ, ಗಾಳಿ ತುಂಬಿ ಹೊರಟರೆ ಆಯ್ತು, ಪಂಕ್ಚರ್ ಅಂಗಡಿಯಲ್ಲೇ ಎಲ್ಲಾ ರಿಪೇರಿ ಆಗುತ್ತಿತ್ತು. ಇವನಿಗೆ ಗೇರ್ ಸೈಕಲ್ಲೇ ಬೇಕು. ಗೆಳೆಯರ ಹತ್ತಿರ ಎಲ್ಲಾ ಅದೇ ಇದೆ. ಹೊಸದಕ್ಕೆ ಅಷ್ಟು ದುಡ್ಡು ಒಮ್ಮೆಲೇ ಆಗಲ್ಲ ಅಂತ ಹಳೇದು ಹುಡುಕಿದೆವು. ಆ ಶೆಡ್ಡಿನವನು ಮಾರಾಟಕ್ಕೆ ಅಂತ ಹಾಕಿದ್ದ ಫೋಟೋದಲ್ಲಿ ಸೈಕಲ್ ಫಳಫಳ ಹೊಳೆಯುತ್ತಿತ್ತು. ಕೆಳಗೆ ಬರೆದಿದ್ದು: ಅಲಾಯ್ ಫ್ರೇಮ್, 21 ಗೇರ್, ಎರಡೂ ಕಡೆ ಡಿಸ್ಕ್ ಬ್ರೇಕ್, ಆರೇ ತಿಂಗಳು ಓಡಿಸಿದ್ದು.

ಶೆಡ್ಡಿಗೆ ಹೋದಾಗ ಅವನ ಮಾತು ಕೇಳಬೇಕಿತ್ತು ನೀವು. "ಏನ್ ಚಿಂತಿ ಮಾಡಬ್ಯಾಡ್ರಿ ಅಕ್ಕಾ, ಗಾಡಿ ಒಂದ್ ನಂಬರ್ ಅದ. ಶಿಮಾನೊ ಅದ ರೀ, ಜಪಾನ್ ಮಾಲು. ಹೊಸಾದು ಇಪ್ಪತ್ತು ಸಾವಿರ ಅದ, ಹುಡುಗ ಬೆಂಗಳೂರಿಗೆ ಓದಾಕ ಹೋದ ಅಂತ ಕೊಡ್ಲಿಕತ್ತಾರ." ನನ್ನ ಮಗ ಆಗಲೇ ಸೀಟಿನ ಮೇಲೆ ಕೂತಿದ್ದ. ಅವನ ಮುಖ ನೋಡಿ ಎಂಟೂವರೆ ಸಾವಿರ ಹೇಳಿದ್ದನ್ನು ಎಂಟಕ್ಕೆ ಇಳಿಸಿ ಫೋನ್‌ಪೇ ಮಾಡಿದೆ. ಬಿಲ್ ಕೇಳಿದರೆ, "ಹಳೇ ಸೈಕಲ್‌ಗೆ ಯಾರ್ ಬಿಲ್ ಕೊಡ್ತಾರ್ರಿ ಅಕ್ಕಾ" ಅಂದ. ದುಡ್ಡು ಹೋಗಿದ್ದು ಬೇರೆ ಯಾರದೋ ಹೆಸರಿಗೆ. ಅದಕ್ಕೂ "ನಮ್ಮ ತಮ್ಮಂದೇ ನಂಬರ್ ರೀ" ಅಂತ ಉತ್ತರ ತಯಾರಿತ್ತು.

ಶಿಮಾನೊ ಅಂದರೆ ಸೈಕಲ್ ಗೇರ್ ಮಾಡುವ ಜಪಾನ್ ಕಂಪನಿ. ಅವನು ಶಿಮಾನೊ ಅಂದದ್ದು ಸುಳ್ಳಲ್ಲ. ಹಿಂದಿನ ಗೇರ್ ಮೇಲೆ ಹೆಸರು ಇತ್ತು. ಆದರೆ ಅದು ಟೂರ್ನಿ ಅನ್ನೋದು, ಆ ಕಂಪನಿಯ ಎಲ್ಲಕ್ಕಿಂತ ಕೆಳಗಿನ ದರ್ಜೆ. ಅದರ ಮೇಲೆ ಆಲ್ಟಸ್, ಅಸೆರಾ, ಅಲಿವಿಯೊ, ಡಿಯೋರ್ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇವೆ. ಟೂರ್ನಿ ಕೆಟ್ಟದ್ದೇನಲ್ಲ, ಶಾಲೆಗೆ ಹೋಗೋ ಹುಡುಗನಿಗೆ ಸಾಕು. ಆದರೆ ಕಡಿಮೆ ಬೆಲೆಯ ಹೊಸ ಗೇರ್ ಸೈಕಲ್‌ಗಳಲ್ಲೂ ಅದೇ ಇರುತ್ತದೆ. ಜಪಾನ್ ಹೆಸರು ಹೇಳಿ ಇಪ್ಪತ್ತು ಸಾವಿರದ ಲೆಕ್ಕ ಯಾಕೆ ತೋರಿಸಬೇಕು? ಆಮೇಲೆ ಸೂಪರ್ ಮಾರ್ಕೆಟ್ ಕಡೆ ಹೊಸ ಸೈಕಲ್ ಅಂಗಡಿಯಲ್ಲಿ ಕೇಳಿದರೆ ಅಂಥದ್ದೇ ಗೇರಿನ ಹೊಸ ಸೈಕಲ್ ಹದಿಮೂರು ಸಾವಿರದೊಳಗೆ ಸಿಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಹಳೇದು ಮಾರೋರು ಈ ಮಾತು ಎತ್ತೋದೇ ಇಲ್ಲ.

ಮನೆಗೆ ತಂದ ಮೇಲೆ ಶುರುವಾಯ್ತು. ಪೆಡಲ್ ಒತ್ತಿ ತುಳಿದರೆ ಟಕ್ ಅಂತ ಚೈನ್ ಜಾರುತ್ತದೆ. ಅವನಿಗೆ ಫೋನ್ ಮಾಡಿದೆ. "ಚೈನ್ ಹಾಕಿಸ್ರಿ ಅಕ್ಕಾ, ಸಣ್ಣ ಕೆಲಸ, ನನ್ನ ಹತ್ರ ಹೊಸಾದು ಅದ" ಅಂದ. ಆರುನೂರು ರೂಪಾಯಿ. ಪ್ಲಾಸ್ಟಿಕ್ ಚೀಲದಿಂದ ನನ್ನ ಕಣ್ಣೆದುರೇ ತೆಗೆದು ಹಾಕಿದ. ಮತ್ತೆ ಜಾರಿತು. ಈ ಸಲ, "ಫ್ರೀವೀಲ್ ಹೋಗ್ಯಾದ ನೋಡ್ರಿ, ಒರಿಜಿನಲ್ ಒಂದು ಇಟ್ಟೀನಿ, ನಿಮಗಂತ ಏಳುನೂರಕ್ಕ ಕೊಡ್ತೀನಿ." ಫ್ರೀವೀಲ್ ಅಂದರೆ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಚಕ್ರ. ಅದನ್ನೂ ಹಾಕಿಸಿದೆ. ನೋಡಿ, ಸೈಕಲ್ ಮಾರಿದವನೂ ಅವನೇ, ಅದು ಕೆಟ್ಟಿದೆ ಅಂದವನೂ ಅವನೇ, ಅದಕ್ಕೆ ಸಾಮಾನು ಮಾರಿದವನೂ ಅವನೇ.

ಒಂದು ಸಂಜೆ ಜಗತ್ ಸರ್ಕಲ್ ದಾಟುವಾಗ ಚೈನ್ ಜಾರಿ ಪೆಡಲ್ ಖಾಲಿ ತಿರುಗಿದೆ. ಮಗನ ಎದೆ ಹೋಗಿ ಹ್ಯಾಂಡಲ್‌ಗೆ ಬಡಿದಿದೆ. ಬ್ರೇಕ್ ಹಿಡಿದರೆ ಕರ್ ಅಂತ ಸದ್ದು ಬಂದಿತೇ ಹೊರತು ಸೈಕಲ್ ನಿಂತಿಲ್ಲ. ಹಿಂದೆ ಸಿಟಿ ಬಸ್ಸು ಇತ್ತಂತೆ. ದೇವರು ದೊಡ್ಡವನು, ಡ್ರೈವರ್ ನಿಲ್ಲಿಸಿದ. ಮಗ ಮನೆಗೆ ಸೈಕಲ್ ತಳ್ಳಿಕೊಂಡು ಬಂದ. ಆ ಹೊತ್ತಿನ ಅವನ ಮುಖ ನನಗೆ ಮರೆಯೋಕೆ ಆಗುತ್ತಿಲ್ಲ.

ಮರುದಿನ ಶಹಾಬಜಾರ್ ಕಡೆ ಒಬ್ಬ ವಯಸ್ಸಾದ ಸೈಕಲ್ ಮಿಸ್ತ್ರಿ ಹತ್ತಿರ ಒಯ್ದೆವು. ಎಲ್ಲರೂ ಚಾಚಾ ಅಂತಾರೆ. ಚಾಚಾ ಮೊದಲು ಏನೂ ಮಾತಾಡಲಿಲ್ಲ. ಸೀಮೆಎಣ್ಣೆ ಬಟ್ಟೆ ತಗೊಂಡು ಮುಂದಿನ ಟೈರಿನ ಪಕ್ಕ ಒರೆಸಿದರು. ಕಪ್ಪು ಪಾಲಿಶ್ ಬಳಬಳ ಬಟ್ಟೆಗೆ ಬಂತು, ಕೆಳಗೆ ರಬ್ಬರ್ ತುಂಬಾ ಬಿರುಕು. ನಮ್ಮ ಬಿಸಿಲಿಗೆ ವರ್ಷಗಟ್ಟಲೆ ಹೊರಗೆ ನಿಂತ ಸೈಕಲ್ಲಿನ ಟೈರ್ ಹಾಗೇ ಆಗುತ್ತದಂತೆ. ಆರು ತಿಂಗಳಲ್ಲಿ ಆಗೋದಲ್ಲ. ಆಮೇಲೆ ಅಲ್ಲಿರುವ ನಂಬರ್, ಅಂದರೆ ಇಂಚಿನಲ್ಲಿ ಚಕ್ರದ ಸೈಜು, ನನಗೆ ಓದಿಸಿದರು: 27.5. ಹಿಂದಿನ ಟೈರ್ ಒರೆಸಿ ಅದನ್ನೂ ಓದಿ ಅಂದರು. 26.

ನಾನು ಮತ್ತೊಮ್ಮೆ ಓದಿದೆ. 26.

"ಬೇಟಿ, ಇದು ಒಂದ್ ಸೈಕಲ್ ಅಲ್ಲ, ಎರಡು ಸೈಕಲ್ ಅದ" ಅಂದರು ಚಾಚಾ. ಅಂಗಡಿ ಮುಂದೆ ನಾಲ್ಕು ಜನ ನಿಂತಿದ್ದರು, ಎಲ್ಲರೂ ನನ್ನನ್ನೇ ನೋಡಿದರು. ಅವಮಾನದಿಂದ ನೆಲ ಬಿರಿಯಬಾರದಾ ಅನ್ನಿಸಿತು.

ಆಗಿದ್ದು ಇಷ್ಟು. 27.5 ಸೈಜಿನ ಫ್ರೇಮ್‌ಗೆ ಎಲ್ಲಿಂದಲೋ ತಂದ 26ರ ಹಿಂದಿನ ಚಕ್ರ ಸೇರಿಸಿದ್ದಾನೆ. ಆ ಎರಡು ರಿಮ್‌ಗೆ ಅಡ್ಡಳತೆಯಲ್ಲಿ 25 ಮಿ.ಮೀ. ವ್ಯತ್ಯಾಸ. ಹಳೇ ತರದ ರಿಮ್ ಬ್ರೇಕ್ ಇದ್ದಿದ್ದರೆ ಬ್ರೇಕ್ ರಬ್ಬರ್ ಸರಿಯಾದ ಜಾಗಕ್ಕೆ ಕೂರದೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಡಿಸ್ಕ್ ಇರೋದು ಚಕ್ರದ ನಡುವೆ, ಹಬ್ ಹತ್ತಿರ. ರಿಮ್ ಸಣ್ಣದಿರಲಿ ದೊಡ್ಡದಿರಲಿ ಅದು ಕೂತುಬಿಡುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಹಿಂದೆ ಸ್ವಲ್ಪ ಇಳಿದ ಹಾಗೆ ಆಗುತ್ತೆ ಅಮ್ಮಾ ಅಂತ ಮಗ ಮೊದಲ ದಿನವೇ ಹೇಳಿದ್ದ, ಮಾರಿದವನು "ಸೀಟ್ ಅಡ್ಜಸ್ಟ್ ಮಾಡ್ಕೋ ತಮ್ಮಾ" ಅಂದು ಸಾಗಹಾಕಿದ್ದ.

ಚಾಚಾ ಹಳೇ ಸ್ಪೀಕರಿನ ಅಯಸ್ಕಾಂತ ತಂದು ಫ್ರೇಮಿಗೆ ಹಿಡಿದರು. ಟಪ್ ಅಂತ ಅಂಟಿತು. ಅಲಾಯ್ ಫ್ರೇಮ್ ಅಂದರೆ ಅಲ್ಯೂಮಿನಿಯಂದು, ಅದಕ್ಕೆ ಅಯಸ್ಕಾಂತ ಅಂಟಲ್ಲ, ಇದು ಕಬ್ಬಿಣದ ಪೈಪು. ದೊಡ್ಡ ಕಂಪನಿಯ ಸ್ಟಿಕ್ಕರ್ ಉಗುರಿನಿಂದ ಎಬ್ಬಿಸಿದರು, ಕೆಳಗೆ ಬೇರೆಯದೇ ಹೆಸರಿನ ಅರ್ಧ ಅಕ್ಷರ ಕಾಣಿಸಿತು. ಆಮೇಲೆ ಸ್ಟೀಲ್ ಪಟ್ಟಿ ತಗೊಂಡು ಆ ಆರುನೂರು ರೂಪಾಯಿಯ "ಹೊಸ" ಚೈನ್ ಅಳೆದರು. ಹೊಸ ಚೈನಿನಲ್ಲಿ 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಬರಬೇಕು. 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸೋ ಹೊತ್ತು. ನನ್ನದು 1/8ಕ್ಕಿಂತ ಮೇಲೆ ಹೋಯ್ತು. ಯಾವುದೋ ಹಳೇ ಚೈನ್ ಡೀಸೆಲ್‌ನಲ್ಲಿ ತೊಳೆದು ಎಣ್ಣೆ ಹಚ್ಚಿ ಚೀಲಕ್ಕೆ ಹಾಕಿದ್ದಾನೆ. ಏಳುನೂರರ ಫ್ರೀವೀಲ್ ಹಲ್ಲು ಗರಗಸದ ಹಲ್ಲಿನಂತೆ ಚೂಪಾಗಿತ್ತು. ಅಂಥ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೂ ಜಾರುತ್ತದೆ, ಹಳೇದು ಹಾಕಿದರೂ ಜಾರುತ್ತದೆ. ಮುಂದಿನ ಬ್ರೇಕ್ ಪ್ಯಾಡ್ ಪೂರ್ತಿ ಮುಗಿದು ಕಬ್ಬಿಣ ಡಿಸ್ಕನ್ನೇ ಉಜ್ಜುತ್ತಿತ್ತು. ಇದು ಮಾರುವವನಿಗೆ ಗೊತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ನಂಬಲ್ಲ. ಹದಿನಾಲ್ಕು ವರ್ಷದ ಹುಡುಗ ಓಡಿಸೋದು ಅಂತ ಗೊತ್ತಿದ್ದೂ ಕೊಟ್ಟಿದ್ದಾನೆ.

ಅಲ್ಲಿಂದ ಸೀದಾ ಶೆಡ್ಡಿಗೆ ಹೋದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನೀವೇ ನೋಡಿ.

ಚಕ್ರ ಬೇರೆ ಬೇರೆ ಯಾಕೆ? "ಬೇಕಂತನೇ ಹಾಕ್ಸೀನ್ರಿ ಅಕ್ಕಾ, ಹಿಂದ ಸಣ್ಣದಿದ್ರ ಎತ್ತಾಕ ಹಗುರ. ವಿದೇಶದಾಗ ಹಂಗೇ ಬರ್ತಾವ." ಮುಂದೆ 29, ಹಿಂದೆ 27.5 ಇರೋ ಬೆಟ್ಟದ ಸೈಕಲ್ ಇವೆ, ಹೌದು. ಆದರೆ ಅವುಗಳ ಫ್ರೇಮನ್ನೇ ಆ ಅಳತೆಗೆ ಮಾಡಿರುತ್ತಾರೆ. ಶೆಡ್ಡಿನಲ್ಲಿ ಸಿಕ್ಕಿದ ಚಕ್ರ ತುರುಕಿದರೆ ಅದು ಆಗಲ್ಲ.

ಅಲಾಯ್ ಅಂದಿದ್ದಿರಿ? "ರಿಮ್ಮಿಗೆ ಅಂದಿದ್ದೆ ರೀ." ಫೋಟೋ ಕೆಳಗೆ ಫ್ರೇಮ್ ಅಂತಲೇ ಇತ್ತು. ತೋರಿಸೋಣ ಅಂತ ಫೋನ್ ತೆಗೆದರೆ ಅಷ್ಟರಲ್ಲಿ ಅದನ್ನು ಅಳಿಸಿಬಿಟ್ಟಿದ್ದ.

ಚೈನ್? "ನಿಮ್ಮ ಹುಡುಗ ಜೋರ್ ತುಳೀತಾನ್ರಿ, ಅದಕ್ಕ ಎಳದದ."

ದುಡ್ಡು ವಾಪಸ್ ಕೊಡಿ ಅಂದೆ. ಆಗ ಅವನು ನಕ್ಕು ಹೇಳಿದ್ದು: "ಅಕ್ಕಾ, ಗೇರ್ ಗಾಡಿ ಮಾತು ನಿಮಗ ತಿಳಿಯಂಗಿಲ್ರಿ. ಮನ್ಯಾಗ ಗಂಡಸ್ರು ಇದ್ರ ಕಳಸ್ರಿ, ಮಾತಾಡ್ತೀನಿ." ನನ್ನ ಮಗನ ಎದುರಿಗೆ. ದುಡ್ಡು ಹೋಗಿದ್ದಕ್ಕಿಂತ ಈ ಮಾತು ಹೆಚ್ಚು ಉರಿಯಿತು. ತಿಳಿಯದವರು ಅಂತಲೇ ಅಲ್ವಾ ನೀನು ನಮ್ಮನ್ನು ಆರಿಸಿಕೊಂಡಿದ್ದು? ತಿಳಿದವರು ಬಂದರೆ ಆ ಸೈಕಲ್ ಹೊರಗೇ ತೆಗೆಯುತ್ತಿರಲಿಲ್ಲ. ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದರೆ ಅವನಿಗೆ ಹಬ್ಬ. ಮಗು ಸೀಟಿನ ಮೇಲೆ ಕೂತ ಮೇಲೆ ತಾಯಿ ಬೇಡ ಅನ್ನಲ್ಲ ಅಂತ ಅವನಿಗೆ ಗೊತ್ತು.

ಇಷ್ಟೇ ಆಗಿದ್ದರೆ ದುಡ್ಡಿನ ವಿಷಯ ಅಂದುಕೊಳ್ಳಬಹುದಿತ್ತು. ಚಾಚಾ ಸೈಕಲ್ ತಲೆಕೆಳಗು ಮಾಡಿದಾಗ ಇನ್ನೊಂದು ತೋರಿಸಿದ್ದರು. ಎರಡು ಪೆಡಲ್ ನಡುವಿನ ಗುಂಡನೆಯ ಕೊಳವೆಯ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಒತ್ತಿರುತ್ತಾರೆ. ನಮ್ಮದರಲ್ಲಿ ಅಲ್ಲಿ ಗ್ರೈಂಡರ್ ಹಿಡಿದು ಉಜ್ಜಿ, ಮೇಲೆ ಸ್ಪ್ರೇ ಬಣ್ಣ ಹೊಡೆದಿದ್ದಾರೆ. ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಅದನ್ನು ಕೇಳಿದಾಗ ಮಾತ್ರ ಅವನ ನಗು ನಿಂತಿತು. "ಎಲ್ಲಾ ಸೈಕಲ್‌ಗೂ ನಂಬರ್ ಇರಂಗಿಲ್ರಿ" ಅಂದ. ಯಾರ ಹತ್ತಿರ ತಗೊಂಡೆ ಅಂತ ಬರೆದು ಕೊಡು ಅಂದೆ. ಕೊಡಲಿಲ್ಲ. ಆಮೇಲೆ ಫೋನೂ ಎತ್ತುತ್ತಿಲ್ಲ. ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ. ಯಾರದೋ ಮಗುವಿನ ಸೈಕಲ್ ನನ್ನ ಮಗ ಬೀದಿಯಲ್ಲಿ ಓಡಿಸುತ್ತಿದ್ದ ಅಂದರೆ ನನಗೆ ಹೇಗಾಗಬೇಡ? ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಕಳ್ಳ ಅಂದಿದ್ದರೆ?

ನೀವು ಹೋಗೋದೇ ಆದರೆ, ಒಂದು ಅಯಸ್ಕಾಂತ, ಒಂದು ಇಂಚ್ ಪಟ್ಟಿ, ಒಂದು ಒದ್ದೆ ಬಟ್ಟೆ ಜೇಬಿನಲ್ಲಿ ಇಟ್ಟುಕೊಳ್ಳಿ. ಎರಡೂ ಟೈರ್ ಒರೆಸಿ ನಂಬರ್ ಓದಿ. ಸೈಕಲ್ ತಲೆಕೆಳಗು ಮಾಡಿಸಿ ಫ್ರೇಮ್ ನಂಬರ್ ನೋಡಿ, ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ. ಮಗುವನ್ನು ಮೊದಲೇ ಸೀಟಿನ ಮೇಲೆ ಕೂರಿಸಬೇಡಿ. ಫೋಟೋ ಮತ್ತು ಅದರ ಕೆಳಗಿನ ಬರಹ ಸ್ಕ್ರೀನ್‌ಶಾಟ್ ತೆಗೆದಿಡಿ, ನಾಳೆ ಅಳಿಸುತ್ತಾರೆ. ಮಾರಿದವನ ಹತ್ತಿರವೇ ಸಾಮಾನು ತಗೊಳ್ಳಬೇಡಿ, ಬೇಡವೇ ಬೇಡ. ವ್ಯಾಪಾರ ಅಂತಲೇ ಮಾರುವವನಾದರೆ ಬಿಲ್ ಕೊಡಲೇಬೇಕು ಅಂತ ಪಟ್ಟು ಹಿಡಿಯಿರಿ. ಮೋಸ ಆದರೆ ಗ್ರಾಹಕರ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬಹುದು. ನಾನು ಹಾಕುತ್ತಿದ್ದೇನೆ. ಫೋನ್‌ಪೇ ದಾಖಲೆ ಇದೆ, ಚಾಚಾ ಬಂದು ಹೇಳುತ್ತೇನೆ ಅಂದಿದ್ದಾರೆ.

ಇನ್ನೊಂದು ಮಾತು. ಸೈಕಲ್ ಫ್ರೇಮ್ ಕಡು ಹಸಿರು. ಸೀಟ್ ಕಂಬದ ಹತ್ತಿರ ಯಾರೋ ಮಗು ಚೂಪಾದ್ದರಿಂದ ಗೀರಿದ ಒಂದು ಗುರುತಿದೆ, ಬಣ್ಣ ಹೊಡೆದರೂ ಅದು ಮುಚ್ಚಿಲ್ಲ. ಏನು ಗುರುತು ಅಂತ ಇಲ್ಲಿ ಬರೆಯಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆ ನಿಮ್ಮ ಮನೆಯ ಇಂಥ ಸೈಕಲ್ ಕಳುವಾಗಿದ್ದರೆ, ಆ ಗುರುತು ಏನು ಅಂತ ನನಗೆ ಮೆಸೇಜ್ ಮಾಡಿ. ಹಳೇ ಫೋಟೋ, ಬಿಲ್ ಏನಿದ್ದರೂ ತಗೊಂಡು ಬನ್ನಿ. ಠಾಣೆಯಲ್ಲೇ, ಪೊಲೀಸರ ಎದುರಿಗೆ ನಿಮ್ಮ ಕೈಗೆ ಕೊಡುತ್ತೇನೆ.