ಬರ್ ದುಬೈನಿಂದ ಊರಿಗೆ ಹಣ: ಒಂದು ಎಕ್ಸ್‌ಚೇಂಜ್ ಅಂಗಡಿಯ ಬಗ್ಗೆ

ಹೊಸದಾಗಿ ದುಬೈಗೆ ಬಂದ ನಮ್ಮ ಕಡೆಯವರು ಹಣ ಎಲ್ಲಿಂದ ಕಳಿಸೋದು ಅಂತ ಕೇಳುತ್ತಲೇ ಇರುತ್ತಾರೆ. ನಾನು ಕಳಿಸುವುದು ಮೀನಾ ಬಜಾರಿನ ಒಳದಾರಿಯಲ್ಲಿರುವ ಸಣ್ಣ ಎಕ್ಸ್‌ಚೇಂಜ್ ಅಂಗಡಿಯಿಂದ. ರೇಟ್ ಇಲ್ಲೇ ಎಲ್ಲರಿಗಿಂತ ಜಾಸ್ತಿ ಅಂತ ಅಲ್ಲ. ಕೌಂಟರಿನ ಕಾಸರಗೋಡಿನ ಹುಡುಗ ಊರಲ್ಲಿ ಕೈಗೆ ಎಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕಿ, ಕ್ಯಾಲ್ಕುಲೇಟರ್ ನಮ್ಮ ಕಡೆ ತಿರುಗಿಸಿ ತೋರಿಸುತ್ತಾನೆ.

ಒಂದು ಲೆಕ್ಕ ನೋಡಿ. ಒಂದು ಕಡೆ ದಿರ್ಹಮ್‌ಗೆ 23.05 ರೂಪಾಯಿ, ಫೀಸ್ 15 ದಿರ್ಹಮ್, ಅದರ ಮೇಲೆ 5% ವ್ಯಾಟ್. ಇನ್ನೊಂದು ಕಡೆ ಫೀಸೇ ಇಲ್ಲ, ಆದರೆ ರೇಟ್ 22.85. ಕೈಯಲ್ಲಿ 1,000 ದಿರ್ಹಮ್ ಇದ್ದರೆ ಮೊದಲನೆಯದರಲ್ಲಿ ಸಿಗುವುದು 22,687 ರೂಪಾಯಿ, ಎರಡನೆಯದರಲ್ಲಿ 22,850. ಫೀಸ್ ಇಲ್ಲದ್ದೇ ಲಾಭ. ಅದೇ 5,000 ದಿರ್ಹಮ್ ಕಳಿಸಿದರೆ ಮೊದಲನೆಯದು 637 ರೂಪಾಯಿ ಜಾಸ್ತಿ ಕೊಡುತ್ತದೆ. ಸ್ವಲ್ಪ ಸ್ವಲ್ಪ ಕಳಿಸುವವರಿಗೆ ಫೀಸ್ ಮುಖ್ಯ, ಒಟ್ಟಿಗೆ ಕಳಿಸುವವರಿಗೆ ರೇಟ್ ಮುಖ್ಯ. ಇದನ್ನು ಕೌಂಟರಿನಲ್ಲೇ ಬಾಯಿ ಬಿಟ್ಟು ಹೇಳುವವರು ಎಷ್ಟು ಜನ ಸಿಗುತ್ತಾರೆ ಹೇಳಿ!

"ದಿರ್ಹಮ್ ಏರಲಿ, ಆಮೇಲೆ ಕಳಿಸ್ತೇನೆ" ಅಂತ ಕಾಯುವವರಿಗೂ ಅವನು ತಾಳ್ಮೆಯಿಂದ ವಿವರಿಸುತ್ತಾನೆ. 1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್ ಅಂತ ಕಟ್ಟಿಟ್ಟಿದ್ದಾರೆ. ಡಾಲರ್ 85 ರೂಪಾಯಿ ಇದ್ದರೆ ದಿರ್ಹಮ್ ಸುಮಾರು 23.14. ಅಂದರೆ ಡಾಲರ್ ಎದುರು ನಮ್ಮ ರೂಪಾಯಿ ಇಳಿದರೆ ಮಾತ್ರ ಬೋರ್ಡಿನ ಸಂಖ್ಯೆ ಮೇಲೆ ಹೋಗುವುದು.

ಗೋಡೆಯಲ್ಲಿ ಫ್ರೇಮ್ ಹಾಕಿದ ಕೆಂಪು ಹತ್ತು ರೂಪಾಯಿ ನೋಟು ಇದೆ. ನಂಬರ್ ಝಡ್ ಅಕ್ಷರದಿಂದ ಶುರು. ಅದು ಗಲ್ಫ್ ರೂಪಾಯಿ. ಚಿನ್ನದ ಕಳ್ಳಸಾಗಣೆಯಿಂದ ನಮ್ಮ ವಿದೇಶಿ ವಿನಿಮಯ ಕರಗುತ್ತಿತ್ತು ಅಂತ ರಿಸರ್ವ್ ಬ್ಯಾಂಕ್ 1959ರಲ್ಲಿ ಈ ಕಡೆಗೆಂದೇ ಬೇರೆ ನೋಟು ತಂದಿತು. ಬೆಲೆ ಮಾತ್ರ ನಮ್ಮ ರೂಪಾಯಿಯಷ್ಟೇ! 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಯಿತು, ಡಾಲರ್ 4.76ರಿಂದ 7.50ಕ್ಕೆ ಹೋಯಿತು. ಆಗ ಇಲ್ಲಿಯವರು ರೂಪಾಯಿ ಬಿಟ್ಟರು. ದುಬೈಯಲ್ಲಿ ರಿಯಾಲ್ ನಡೆಯಿತು, 1973ರಲ್ಲಿ ದಿರ್ಹಮ್ ಬಂತು. ಅಜ್ಜನ ಕಾಲದವರು ಇಲ್ಲಿ ರೂಪಾಯಿಯಲ್ಲೇ ವ್ಯಾಪಾರ ಮಾಡಿದ್ದರು ಅಂತ ಆ ನೋಟಿನ ಮುಂದೆ ನಿಂತಾಗ ನಂಬಿಕೆ ಬರುತ್ತದೆ. ಊರಿಂದ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಕೊರತೆಯೂ ಇದೆ. ರೂಪಾಯಿ ನೋಟು ಕೈಗೆ ಬೇಕೆಂದರೆ ರೇಟ್ ತುಂಬ ಕಡಿಮೆ, ಅದನ್ನು ಇಲ್ಲಿ ಮಾಡಬೇಡಿ. ಸಂಬಳದ ವಾರದಲ್ಲಿ ಸಾಲು ಬಾಗಿಲ ಹೊರಗೆ ಬರುತ್ತದೆ, ಕೌಂಟರ್ ಎರಡೇ. ಬಿಸಿಲಲ್ಲಿ ಕೆಲಸ ಮುಗಿಸಿ ಬಂದವರಿಗೆ ಕೂರಲು ಒಂದು ಬೆಂಚೂ ಇಲ್ಲ, ಇದನ್ನು ಅವರು ಸರಿ ಮಾಡಲೇಬೇಕು.

ಹೋಗುವಾಗ ಎಮಿರೇಟ್ಸ್ ಐಡಿ ಇರಲಿ. ರಸೀದಿಯಲ್ಲಿ ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್ ಎರಡನ್ನೂ ಕೌಂಟರ್ ಬಿಡುವ ಮೊದಲೇ ಓದಿ ನೋಡಿ.