ಲಾಂಗ್‌ಆರ್ಮ್‌ನಲ್ಲಿ ದಾರ, ಬಾಬಿನ್, ಸೂಜಿ: ಎರಡು ತಿಂಗಳು ಹೊಲಿದು ನೋಡಿದ ಹೋಲಿಕೆ

ಮೇಲ್ಗಡೆ ಎಲ್ಲ ಚೆನ್ನಾಗಿತ್ತು. ಗೆಳತಿಯ ಮಗುವಿಗೆ ಅಂತ ಲಾಂಗ್‌ಆರ್ಮ್ ಮಷೀನ್‌ನಲ್ಲಿ ಹೊಲಿಯುತ್ತಿದ್ದ ಕ್ವಿಲ್ಟ್, ಅಂದರೆ ಪದರ ಸೇರಿಸಿ ಹೊಲಿದ ಹೊದಿಕೆ, ನಾಲ್ಕು ಅಡಿ ಮುಗಿದಿತ್ತು. ರೋಲರ್ ತಿರುಗಿಸಿ ಮುಂದಿನ ಭಾಗ ತೆಗೆಯೋಣ ಅಂತ ಹೋದಾಗ ಕೈ ಸುಮ್ನೆ ಅಡಿಗೆ ಹೋಯಿತು, ಬೆರಳಿಗೆ ಸಣ್ಣ ಸಣ್ಣ ದಾರದ ಕುಣಿಕೆಗಳು ತಾಗಿದವು. ಬಗ್ಗಿ ಟಾರ್ಚ್ ಹಾಕಿ ನೋಡಿದರೆ ಪ್ರತಿ ತಿರುವಿನಲ್ಲೂ ಮೇಲಿನ ದಾರ ಹಿಂಬದಿಗೆ ಇಳಿದು ಕಣ್ಣಿನ ರೆಪ್ಪೆಗೂದಲಿನ ಹಾಗೆ ಸಾಲಾಗಿ ನಿಂತಿತ್ತು. ಅದನ್ನು ಬಿಚ್ಚಲು ಎರಡು ಸಂಜೆ ಬೇಕಾದವು.

ಲಾಂಗ್‌ಆರ್ಮ್ ನೋಡದವರಿಗೆ ಒಂದು ಮಾತು. ಮಾಮೂಲಿ ಹೊಲಿಗೆ ಮಷೀನ್ ನಿಂತಲ್ಲೇ ಇರುತ್ತದೆ, ಬಟ್ಟೆ ಓಡುತ್ತದೆ. ಇದರಲ್ಲಿ ಉಲ್ಟಾ. ಮೇಲಿನ ಬಟ್ಟೆ, ನಡುವಿನ ಮೆತ್ತನೆ ಪದರವಾದ ಬ್ಯಾಟಿಂಗ್, ಹಿಂಬದಿ ಬಟ್ಟೆ ಮೂರೂ ಚೌಕಟ್ಟಿನ ರೋಲರ್‌ಗಳ ನಡುವೆ ಹರಡಿರುತ್ತವೆ. ಮಷೀನ್ ಚಕ್ರಗಳ ಮೇಲೆ ಓಡಾಡುತ್ತದೆ, ನಾವು ಹಿಡಿಕೆ ಹಿಡಿದು ರಂಗೋಲಿ ಎಳೆದ ಹಾಗೆ ಹೊಲಿಯುತ್ತೇವೆ. ಮೇಲಿನ ದಾರವೂ, ಕೆಳಗೆ ಬಾಬಿನ್ ಅನ್ನುವ ಪುಟ್ಟ ಉರುಳೆಯಿಂದ ಬರುವ ದಾರವೂ ಸಮನಾಗಿ ಎಳೆದರೆ ಗಂಟು ನಡುವಿನ ಬ್ಯಾಟಿಂಗ್‌ನಲ್ಲಿ ಅಡಗಿ ಕೂರುತ್ತದೆ. ಒಂದರ ಬಲ ಜಾಸ್ತಿಯಾದರೆ ಗಂಟು ಆ ದಾರದ ಕಡೆಗೆ ಹೋಗುತ್ತದೆ. ಹಿಂಬದಿಯಲ್ಲಿ ಬಾಬಿನ್ ದಾರ ಕಡ್ಡಿಯ ಹಾಗೆ ನೆಟ್ಟಗೆ ಮಲಗಿದ್ದರೆ ಮೇಲಿನದು ಸಡಿಲ, ಇಲ್ಲವೇ ಕೆಳಗಿನದು ವಿಪರೀತ ಬಿಗಿ. ಮೇಲ್ಗಡೆ ದಾರ ಮಲಗಿದ್ದರೆ ಇದರ ತದ್ವಿರುದ್ಧ. ಲೆಕ್ಕ ಸುಲಭ. ಆದರೆ ಹೊಲಿಯುವಾಗ ಹಿಂಬದಿ ಕಾಣುವುದಿಲ್ಲ, ಅಲ್ವಾ, ಕಷ್ಟ ಇರುವುದು ಅಲ್ಲೇ.

ಹಾಗಾಗಿ ಈ ಚಳಿಗಾಲದಲ್ಲಿ ಒಹಾಯೊದ ನಮ್ಮ ನೆಲಮಾಳಿಗೆಯಲ್ಲಿ ಕೂತು ಒಂದೊಂದಾಗಿ ಹೋಲಿಸಿ ನೋಡಿದೆ. ಬಟ್ಟೆ ಒಂದೇ, ಬಿಳಿ ಮಸ್ಲಿನ್. ಬ್ಯಾಟಿಂಗ್ ಒಂದೇ, 80 ಭಾಗ ಹತ್ತಿ 20 ಭಾಗ ಪಾಲಿಯೆಸ್ಟರ್. ಇಂಚಿಗೆ 10 ಹೊಲಿಗೆ. ಪ್ರತಿ ಸಲವೂ ಅದೇ ನಾಲ್ಕು ಆಕಾರ: ನೇರ ಗೆರೆ, ಸಣ್ಣ ಸುತ್ತು, ಚೂಪು ಮೂಲೆ, ದೊಡ್ಡ ಬಳ್ಳಿ. ಮೇಲೆ ಕೆಂಪು ದಾರ, ಕೆಳಗೆ ನೀಲಿ. ಎರಡೂ ಬೇರೆ ಬಣ್ಣ ಇದ್ದರೆ ಯಾವುದು ಎಲ್ಲಿಗೆ ಇಣುಕುತ್ತಿದೆ ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನನ್ನ ಮಷೀನ್‌ಗೆ ಎಂ ಅಳತೆಯ ಬಾಬಿನ್, ಅಂದರೆ ಎಲ್‌ಗಿಂತ ದೊಡ್ಡದು. ನನ್ನ ಅಂಕಿಗಳು ನಿಮ್ಮ ಮಷೀನ್‌ಗೆ ಹಾಗೇ ಕೂರಬೇಕಾಗಿಲ್ಲ, ಆದರೆ ಯಾವುದನ್ನು ಮೊದಲು ಮುಟ್ಟಬೇಕು ಅನ್ನುವುದು ಎಲ್ಲರಿಗೂ ಒಂದೇ.

ಮೊದಲು ಮುಟ್ಟಬೇಕಾದದ್ದು ಬಾಬಿನ್. ಇದನ್ನು ನಾನು ವರ್ಷಗಟ್ಟಲೆ ಮಾಡಿರಲಿಲ್ಲ. ಏನೇ ಆದರೂ ಮೇಲಿನ ದಾರದ ಬಿಗಿ ಹೊಂದಿಸುವ ಟೆನ್ಷನ್ ಗುಂಡಿ ತಿರುಗಿಸುತ್ತಿದ್ದೆ, ಯಾಕಂದರೆ ಕೈಗೆ ಸಿಗುವುದು ಅದೇ. ಕೆಳಗೆ ಎಷ್ಟು ಬಿಗಿ ಇದೆ ಅಂತ ಗೊತ್ತಿಲ್ಲದೆ ಮೇಲೆ ತಿರುಗಿಸುವುದು ಅಂದರೆ ಒಂದು ತಟ್ಟೆಯಲ್ಲಿ ಎಷ್ಟು ತೂಕ ಇದೆ ಅಂತ ನೋಡದೆ ಇನ್ನೊಂದು ತಟ್ಟೆಗೆ ಕಲ್ಲು ಹಾಕುತ್ತಾ ಹೋದ ಹಾಗೆ.

ಬಾಬಿನ್ ಬಿಗಿ ನೋಡಲು ಎರಡು ದಾರಿ ಇವೆ. ಒಂದು ಇಳಿಬಿಡುವ ಪರೀಕ್ಷೆ. ಬಾಬಿನ್ ಕೂರುವ ಪುಟ್ಟ ಡಬ್ಬಿ, ಅಂದರೆ ಕೇಸ್‌ನಿಂದ ಹೊರಬಂದ ದಾರ ಹಿಡಿದು ಕೇಸನ್ನು ತೂಗುಬಿಟ್ಟು ಮೆಲ್ಲಗೆ ಕೈ ಅಲುಗಿಸಿದರೆ ಜೇಡ ಇಳಿದ ಹಾಗೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಇನ್ನೊಂದು ಟೋವಾ ಗೇಜ್, ಕೇಸನ್ನು ಒಳಗಿಟ್ಟು ದಾರ ಎಳೆದರೆ ಮುಳ್ಳು ಅಂಕಿ ತೋರಿಸುವ ಪುಟ್ಟ ಸಾಧನ. ಇಳಿಬಿಡುವ ಪರೀಕ್ಷೆಗೆ ಖರ್ಚಿಲ್ಲ, ಎಲ್ಲರೂ ಅದನ್ನೇ ಹೇಳಿಕೊಡುತ್ತಾರೆ, ನಾನೂ ಅದನ್ನೇ ನಂಬಿದ್ದೆ. ಹೋಲಿಸಿದಾಗ ಅದರ ದೋಷ ಕಂಡಿತು. ಅದು ಕೇಸ್‌ನ ತೂಕದ ಮೇಲೆ ನಿಂತಿದೆ. ತುಂಬಿದ ಲೋಹದ ಬಾಬಿನ್ ಹಾಕಿದರೆ ಸರ್ರಂತ ಇಳಿಯುತ್ತದೆ, ಅದೇ ತಿರುಪು ಮುಟ್ಟದೆ ಅರ್ಧ ಖಾಲಿಯಾದ ಹಗುರ ಬಾಬಿನ್ ಹಾಕಿದರೆ ಅಲ್ಲಾಡುವುದೇ ಇಲ್ಲ. ಗೇಜ್ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿತು, ಯಾಕಂದರೆ ಅದು ಅಳೆಯುವುದು ಎಳೆತವನ್ನು.

ಗೇಜ್ ಬಳಸುವಾಗ ದಾರವನ್ನು ನಿಧಾನವಾಗಿ ಒಂದೇ ವೇಗದಲ್ಲಿ ಎಳೆಯಬೇಕು. ಶುರುವಿನ ಜಿಗಿತ ಬಿಡಿ, ಮುಳ್ಳು ನೆಲೆನಿಂತ ಮೇಲೆ ಓದಿ. ನನಗೆ ಮಂಕು ಪಾಲಿಯೆಸ್ಟರ್‌ಗೆ 200ರ ಸುತ್ತಮುತ್ತ ಚೆನ್ನಾಗಿ ಬಂತು, ತೆಳ್ಳಗಿನ 60ರ ದಾರಕ್ಕೆ 180. ಕೇಸ್‌ನ ತಿರುಪನ್ನು ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟೇ ತಿರುಗಿಸಿ, ಮತ್ತೆ ಅಳೆಯಿರಿ. ಅಂಕಿ ಒಂದೇ ಎಳೆತದಲ್ಲಿ ಏರಿಳಿಯುತ್ತಿದ್ದರೆ ತಿರುಪಿನ ತಪ್ಪಲ್ಲ, ಕೇಸ್‌ನ ತಗಡಿನ ಅಡಿಯಲ್ಲಿ ಹತ್ತಿಯ ಜೂಲು ಸಿಕ್ಕಿಕೊಂಡಿರುತ್ತದೆ. ವಿಸಿಟಿಂಗ್ ಕಾರ್ಡಿನ ಮೂಲೆ ತೂರಿಸಿ ಎಳೆದರೆ ಬರುತ್ತದೆ. ಈ ಸುತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಅನುಮಾನವೇ ಉಳಿದಿಲ್ಲ: ದುಡ್ಡು ಕೂಡಿಸಿ ಮೊದಲು ಗೇಜ್ ತೊಗೊಳ್ಳಿ, ಹೊಸ ಬಣ್ಣದ ದಾರ ಆಮೇಲೆ.

ಮನೆಯಲ್ಲಿ ಸುತ್ತಿದ ಬಾಬಿನ್ ಒಳ್ಳೆಯದಾ, ಸುತ್ತಿಯೇ ಬರುವುದಾ? ಪಾಲಿಯೆಸ್ಟರ್‌ಗೆ ಸುತ್ತಿಯೇ ಬರುವುದು ಗೆದ್ದಿತು. ಪಾಲಿಯೆಸ್ಟರ್ ಹಿಗ್ಗುತ್ತದೆ. ನಾನು ಜೋರಾಗಿ ಸುತ್ತಿದ ಬಾಬಿನ್‌ನಲ್ಲಿ ದಾರ ಎಳೆದುಕೊಂಡು ಕೂತಿತ್ತು, ಹೊಲಿಗೆಯಾದ ಮೇಲೆ ಮತ್ತೆ ಕುಗ್ಗಿ ಬಟ್ಟೆಯಲ್ಲಿ ಸಣ್ಣ ಸುಕ್ಕು ತಂದಿತು. ಸುತ್ತಿ ಬಂದದ್ದು ಮೊದಲಿಂದ ಕೊನೆಯವರೆಗೆ ಒಂದೇ ಸಮ, ಜೊತೆಗೆ ದಾರವೂ ಜಾಸ್ತಿ ಹಿಡಿಯುತ್ತದೆ. ಚೂಪು ಮೂಲೆಯಲ್ಲಿ ಗಕ್ಕನೆ ನಿಂತಾಗ ಬಾಬಿನ್ ತನ್ನ ಪಾಡಿಗೆ ತಿರುಗುತ್ತಲೇ ಇದ್ದು ಹಿಂಬದಿಯಲ್ಲಿ ದಾರದ ಗೂಡು ಕಟ್ಟುತ್ತದಲ್ಲ, ಅದಕ್ಕೆ ನಡುವೆ ಆಯಸ್ಕಾಂತ ಇರುವ ಬಾಬಿನ್ ಬಹಳ ಒಳ್ಳೆಯ ಪರಿಹಾರ. ಅದನ್ನು ಹಾಕುವಾಗ ಕೇಸ್ ಒಳಗಿನ ತಡೆ ಸ್ಪ್ರಿಂಗ್ ತೆಗೆಯಬೇಕು, ನಾನು ಒಂದು ದಿನ ಮರೆತು ಹಾಗೇ ಹೊಲಿದೆ, ಬಿಗಿ ಎಲ್ಲೆಲ್ಲೋ ಹೋಯಿತು. ಹತ್ತಿ ದಾರಕ್ಕೆ ಮಾತ್ರ ಮನೆಯಲ್ಲೇ ಸುತ್ತುತ್ತೇನೆ, ಅರ್ಧ ವೇಗದಲ್ಲಿ.

ಇನ್ನು ಮೇಲಿನ ದಾರ. ಮೂರು ಬಗೆ ಹಾಕಿ ನೋಡಿದೆ. ದಾರದ ಅಂಕಿ ದೊಡ್ಡದಾದಷ್ಟು ದಾರ ತೆಳ್ಳಗೆ ಅನ್ನುವುದು ನೆನಪಿರಲಿ, ಹೊಸಬರು ಇಲ್ಲೇ ತಪ್ಪುವುದು.

ಹೊಳೆಯುವ 40ರ ಟ್ರೈಲೋಬಲ್ ಪಾಲಿಯೆಸ್ಟರ್‌ನ ಎಳೆ ದುಂಡಗಿರುವುದಿಲ್ಲ, ಅಡ್ಡ ಕತ್ತರಿಸಿ ನೋಡಿದರೆ ಮೂರು ಮೂಲೆ, ಅದಕ್ಕೇ ಅಷ್ಟು ಮಿನುಗು. ಜೂಲು ಬಿಡುವುದು ತೀರಾ ಕಡಿಮೆ, ತುಂಡಾಗುವುದು ಅಪರೂಪ. ಆದರೆ ಜಾರುತ್ತದೆ. ಕೋನ್‌ನಿಂದ ತಾನೇ ಕುಸಿದು ಬುಡದಲ್ಲಿ ಸುತ್ತಿಕೊಳ್ಳುತ್ತದೆ, ಜಾಳಿಗೆ ತೊಡಿಸಲೇಬೇಕು. ಮಗುವಿನ ಕ್ವಿಲ್ಟ್‌ನಲ್ಲಿ ರೆಪ್ಪೆಗೂದಲು ಬಂದಿದ್ದು ಇದೇ ಬಗೆಯ ದಾರದಲ್ಲಿ. ಮೇಲಿನ ಗುಂಡಿಯನ್ನು ಒಂದು ಸುತ್ತು ಬಿಗಿ ಮಾಡಿ, ಮೂರು ತೂತಿನ ಗೈಡ್‌ನಲ್ಲಿ ಮೂರರಲ್ಲೂ ಪೋಣಿಸಿ, ತಿರುವುಗಳಲ್ಲಿ ಕೈ ನಿಧಾನ ಮಾಡಿದ ಮೇಲೆ ನಿಂತಿತು. ದಾರವನ್ನು ದೂರುತ್ತಿದ್ದೆ, ಕಾರಣ ನನ್ನ ಹೊಂದಿಕೆ.

ಮಂಕು ಬಣ್ಣದ, ಮೂರು ಎಳೆ ಹುರಿ ಮಾಡಿದ 50ರ ಪಾಲಿಯೆಸ್ಟರ್‌ಗೆ ಹೇಳಲು ಜಾಸ್ತಿ ಇಲ್ಲ, ಅದೇ ಅದರ ಗುಣ. ಹಾಕಿದೆ, ಹೊಲಿಯಿತು. ಗುಂಡಿ ಸ್ವಲ್ಪ ಆಚೀಚೆ ಇದ್ದರೂ ಸಹಿಸಿಕೊಂಡಿತು. ಹೊಸದಾಗಿ ಕಲಿಯುವವರು ಕಣ್ಣು ಮುಚ್ಚಿ ಇದನ್ನೇ ತೊಗೊಳ್ಳಬಹುದು.

ಹತ್ತಿಯ 40ರ ದಾರ ನನಗೆ ಅತಿ ಇಷ್ಟ. ಒಗೆದ ಮೇಲೆ ಬಟ್ಟೆ ಜೊತೆ ಸೇರಿ ಕುಗ್ಗಿ ಬರುವ ಆ ಹಳೆಯ ಕ್ವಿಲ್ಟ್ ನೋಟ ಬೇರೆ ಯಾವುದರಲ್ಲೂ ಬರಲಿಲ್ಲ. ಆದರೆ ಕೆಲಸ ಕೇಳುತ್ತದೆ. ಮೂರು ಬಾಬಿನ್ ಮುಗಿಯುವ ಹೊತ್ತಿಗೆ ಕೆಳಗೆ ದಾರದ ಕುಣಿಕೆ ಹಿಡಿಯುವ ಹುಕ್ ಸುತ್ತ ಜೂಲು ತುಂಬುತ್ತದೆ. ಮೇಲಿನ ದಾರವನ್ನು ಒತ್ತಿ ಹಿಡಿಯುವ ಟೆನ್ಷನ್ ಡಿಸ್ಕ್‌ಗಳ ನಡುವೆಯೂ ಸೇರುತ್ತದೆ, ಆಗ ಡಿಸ್ಕ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಗುಂಡಿ ಎಷ್ಟು ತಿರುಗಿಸಿದರೂ ದಾರ ಸಡಿಲವೇ. ಒಂದು ಇಡೀ ಮಧ್ಯಾಹ್ನ ಇದು ಗೊತ್ತಾಗದೆ ಒದ್ದಾಡಿದೆ. ದಪ್ಪ ದಾರವನ್ನು ಹಲ್ಲಿನ ಸಂದಿ ಉಜ್ಜುವ ಹಾಗೆ ಡಿಸ್ಕ್ ನಡುವೆ ಎಳೆದಾಡಿದ ಮೇಲೆ ಸರಿಹೋಯಿತು.

ಹತ್ತಿ ದಾರದಿಂದಲೇ ಸೂಜಿಯ ಪಾಠವೂ ಆಯಿತು. 16ರ ಸೂಜಿಯಲ್ಲಿ ಈ ದಾರ ಬಲಕ್ಕೆ ಹೋಗುವಾಗ ಚೆನ್ನಾಗಿತ್ತು, ನನ್ನ ಕಡೆಗೆ ಹಿಂದಕ್ಕೆ ಎಳೆದಾಗ ಪದೇ ಪದೇ ಬಿಚ್ಚಿಕೊಂಡು ತುಂಡಾಗುತ್ತಿತ್ತು. ಸೂಜಿಯ ಕಣ್ಣು ಸಣ್ಣದಾದರೆ ದಾರ ಉಜ್ಜಿಹೋಗುತ್ತದೆ. ಜೊತೆಗೆ ಮಷೀನ್ ವೇಗವಾಗಿ ಓಡುವಾಗ ತೆಳ್ಳಗಿನ ಸೂಜಿ ಬಾಗುತ್ತದೆ, ಹುಕ್ ದಾರದ ಕುಣಿಕೆಯನ್ನು ಹಿಡಿಯದೆ ಹೊಲಿಗೆ ತಪ್ಪುತ್ತದೆ. 18ಕ್ಕೆ ಬದಲಾಯಿಸಿದೆ, ಎರಡೂ ನಿಂತವು. ಹಾಗಂತ 18 ಎಲ್ಲದಕ್ಕೂ ಆಗುವುದಿಲ್ಲ. ಬಾಟಿಕ್‌ನಂಥ ಒತ್ತಾದ ನೇಯ್ಗೆಯಲ್ಲಿ ಅದರ ತೂತು ಎದ್ದು ಕಾಣುತ್ತದೆ, 50, 60ರ ದಾರಕ್ಕೆ 16 ಸಾಕು. ಜರಿ ದಾರ ತುಂಡಾಗುತ್ತಿದ್ದರೆ ಸೂಜಿಯ ಕಣ್ಣನ್ನು ಗಡಿಯಾರದ 6ರ ಬದಲು 6:30ರ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ ನೋಡಿ, ನನಗೆ ಕೆಲಸ ಕೊಟ್ಟಿತು.

ಚೌಕಟ್ಟಿನ ಮೇಲೆ ಬಟ್ಟೆ ಎಷ್ಟು ಬಿಗಿ ಅನ್ನುವುದನ್ನೂ ಹೋಲಿಸಿದೆ. ತಮಟೆಯ ಹಾಗೆ ಬಿಗಿದರೆ ನೋಡಲು ಚೆಂದ, ಆದರೆ ಹೊಲಿಗೆ ತಪ್ಪುತ್ತದೆ. ಅಡಿಯಿಂದ ಬೆರಳು ಒತ್ತಿದರೆ ಮೇಲಿನಿಂದ ಬೆರಳ ತುದಿ ಹಿಡಿಯಲು ಬರುವಷ್ಟು ಸಡಿಲ ಇರಬೇಕು.

ಇಷ್ಟೆಲ್ಲ ಯಾಕೆ ಮಾಡಿದೆ ಅಂದರೆ, ನನ್ನ ಹತ್ತಿರ ಅಜ್ಜಿಯ ನಾಲ್ಕು ಹತ್ತಿ ಸೀರೆಗಳಿವೆ. ಗದಗಿನ ಮನೆಯಲ್ಲಿ ಅಜ್ಜಿ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಕೌದಿ ಹೊಲಿಯುತ್ತಿದ್ದಳು. ಒಂದೇ ಸೂಜಿ, ಒಂದೇ ದಾರ, ಅದೇ ಮೇಲೆ ಅದೇ ಕೆಳಗೆ. ಎರಡು ದಾರಗಳ ಜಗಳವೇ ಇಲ್ಲ. ಲಾಂಗ್‌ಆರ್ಮ್‌ನಲ್ಲಿ ಕೌದಿ ಹೊಲಿಯುವುದು ನಾನು ಮಾಡಿದ್ದರಲ್ಲೇ ಅತಿ ಕಷ್ಟದ ಹೊಂದಿಕೆ. ನಡುವೆ ಬ್ಯಾಟಿಂಗ್ ಇಲ್ಲ, ಗಂಟು ಅಡಗಲು ಜಾಗವೇ ಇಲ್ಲ, ಮೇಲೋ ಕೆಳಗೋ ಇಣುಕಲೇಬೇಕು. ಬಾಬಿನ್ ಬಿಗಿ 200ರಲ್ಲಿಟ್ಟು ಬವಣೆ ಪಟ್ಟೆ, ಸವೆದ ಸೀರೆ ಹೊಲಿಗೆಗುಂಟ ಸುಕ್ಕುಗಟ್ಟಿತು. 160ಕ್ಕೆ ಇಳಿಸಿ, ಮೇಲಿನದನ್ನೂ ಅಷ್ಟೇ ಸಡಿಲಿಸಿ, ನಡುವೆ ಒಂದು ಹಳೆಯ ಮೆತ್ತನೆ ಫ್ಲಾನೆಲ್ ಹಾಳೆ ಹಾಕಿದೆ. ಆಗ ಬಟ್ಟೆ ಸಮತಟ್ಟಾಗಿ ಮಲಗಿತು. ಮೇಲೂ ಕೆಳಗೂ 60ರ ದಾರ, ಬಣ್ಣ ಒಂದೇ, ಹಾಗಾಗಿ ಅಲ್ಲೊಂದು ಇಲ್ಲೊಂದು ಗಂಟು ಇಣುಕಿದರೂ ಕಣ್ಣಿಗೆ ಬೀಳುವುದಿಲ್ಲ.

ಅಂಚಿನ ಒಂದು ಗೇಣು ಮಾತ್ರ ಮಷೀನ್‌ಗೆ ಕೊಟ್ಟಿಲ್ಲ. ಅದು ಕೈ ಹೊಲಿಗೆ, ಅಜ್ಜಿ ಹಾಕುತ್ತಿದ್ದಷ್ಟೇ ಅಂತರದಲ್ಲಿ. ಮೂರನೇ ಸೀರೆಯ ಸೆರಗು ಈಗ ರೋಲರ್ ಮೇಲಿದೆ.